ಹೊಸ್ತಿಲಾಚೆಯ ನಾಲ್ಕು ಅಡಿ

ದೇವರು ಮನುಷ್ಯನಿಗೆ ಹೊಸ್ತಿಲನ್ನು ಏಕೆ ಕೊಟ್ಟನೋ ನಾನರಿಯೆ. ಸರ್ಕಾರ ಏಕೆ ಕೊಟ್ಟಿತೆಂಬುದನ್ನು ಬಲ್ಲೆ.

ಇಂಗ್ಲೆಂಡಿನ ಕಾನೂನು ಹೀಗಿದೆ. ಒಬ್ಬನ ತಲೆ ಕೆಟ್ಟಿದೆ, ಅವನಿಂದ ಅವನಿಗೋ ಪರರಿಗೋ ಅಪಾಯವಿದೆ ಎಂದು ಪೊಲೀಸಿನವನಿಗೆ ಅನ್ನಿಸಿದರೆ ಹಿಡಿದು ಆಸ್ಪತ್ರೆಗೆ ಒಯ್ಯಬಹುದು. ಆದರೆ ಆ ಮನುಷ್ಯ ತನ್ನ ಮನೆಯೊಳಗಿದ್ದರೆ ಮುಟ್ಟುವಂತಿಲ್ಲ. ಅದಕ್ಕೆ ಕೋರ್ಟಿನ ಅಪ್ಪಣೆ ಬೇಕು, ಡಾಕ್ಟರು ಬೇಕು, ದಿನಗಟ್ಟಲೆ ಕಾಯಬೇಕು. ಹೊಸ್ತಿಲು ದಾಟಿ ಹೊರಗೆ ಕಾಲಿಟ್ಟನೋ, ಏನೂ ಬೇಡ. ಒಳಗೆ ಅವನು ಬಾಡಿಗೆದಾರ. ಹೊರಗೆ ಅವನು ರೋಗಿ. ನಡುವೆ ಇರುವುದು ಬೆರಳು ದಪ್ಪದ ಒಂದು ಮರದ ಪಟ್ಟಿ.

ನನ್ನ ಹೆಸರು ಆಗ್ನೆಸ್ ಹ್ಯಾಲಿವೆಲ್. ಮೂವತ್ತೊಂದು ವರ್ಷ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ದುಡಿದೆ. ರಕ್ತ, ಕೀವು, ಹೇಲು, ಎಲ್ಲವನ್ನೂ ಈ ಕೈಗಳು ತೊಳೆದಿವೆ. ಈಗ ಬೆರಳುಗಳು ಪೂರ್ತಿ ಮಡಚಿಕೊಳ್ಳುವುದಿಲ್ಲ. ನನ್ನ ಎದುರು ಬಾಗಿಲಲ್ಲಿ ಇರುವವರು ಎಗ್ಬರ್ಟ್ ಪಿನ್ನಕ್. ಅದೇ ಆಸ್ಪತ್ರೆಯಲ್ಲಿ ಕೂಲಿ ಕೆಲಸ ಮಾಡಿದವರು. ರೋಗಿಯನ್ನು ತಳ್ಳಿದರು, ಊಟದ ಗಾಡಿ ತಳ್ಳಿದರು, ಹೆಣ ತಳ್ಳಿದರು. ಒಂಬತ್ತನೆಯ ವಯಸ್ಸಿನಲ್ಲಿ ಜಮೈಕಾದಿಂದ ತಾಯಿಯ ಕೈ ಹಿಡಿದು ಬಂದವರು. ಭಾನುವಾರ ನಾವು ಚಾಪೆಲ್ಲಿನಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತೇವೆ. ಅವರು ಹಾಡಿದರೆ ಬೆಂಚು ನಡುಗುತ್ತದೆ.

ನಮ್ಮ ಕೌನ್ಸಿಲ್ ಮನೆಗಳಲ್ಲಿ, ಎಂದರೆ ನಗರಸಭೆಯ ಬಾಡಿಗೆ ಮನೆಗಳಲ್ಲಿ, ಒಂದು ರೂಢಿಯಿದೆ. ಕಚೇರಿಯ ಮಂದಿ ಬಾಗಿಲು ಬಡಿದರೆ ನಾವು ಹೊರಗೆ ಬಂದು, ಹಿಂದೆ ಬಾಗಿಲು ಎಳೆದುಕೊಂಡು, ಹೊರಗೇ ನಿಂತು ಮಾತಾಡುತ್ತೇವೆ. ನಮ್ಮ ಒಡೆದ ಕಪ್ಪು, ಒಣಹಾಕಿದ ಒಳಬಟ್ಟೆ ಅವರ ಕಣ್ಣಿಗೆ ಬೀಳಬಾರದು. ಇದನ್ನು ನಮಗೆ ಅಮ್ಮಂದಿರು ಕಲಿಸಿದ್ದು. ಬಡವರ ಮಾನ ಅದು.

ಆ ಮಾನವೇ ಪಿನ್ನಕ್ ಅವರನ್ನು ಹಿಡಿದುಕೊಟ್ಟಿತು. ಎರಡು ವರ್ಷದ ಹಿಂದೆ ಅವರ ಹೆಂಡತಿ ಮರ್ಲೀನ್ ತೀರಿಕೊಂಡಾಗ ನಾಲ್ಕು ದಿನ ಉಣ್ಣದೆ ಭಜನೆ ಹಾಡಿದರು. ಗಟ್ಟಿಯಾಗಿ ಹಾಡಿದರು. ಯಾರೋ ಫೋನು ಮಾಡಿದರು. ಪೊಲೀಸಿನವನು ಬಂದು, "ಒಂದೇ ನಿಮಿಷ ಹೊರಗೆ ಬರ್ತೀರಾ ಸಾರ್," ಎಂದ. ಪಿನ್ನಕ್ ರೂಢಿಯಂತೆ ಹೊರಗೆ ಬಂದು ಬಾಗಿಲು ಎಳೆದುಕೊಂಡರು. ಕೈಗೆ ಬೇಡಿ ಬಿತ್ತು. ಮನೆಚಪ್ಪಲಿಯಲ್ಲೇ ಒಯ್ದರು. ಇಪ್ಪತ್ತೆಂಟು ದಿನ ಇಟ್ಟುಕೊಂಡರು. ಅಷ್ಟರಲ್ಲಿ ಕೌನ್ಸಿಲಿನವರು ಮನೆ ಚೊಕ್ಕಟ ಮಾಡುವ ಹೆಸರಿನಲ್ಲಿ ಮರ್ಲೀನಳ ಹೊಲಿಗೆ ಯಂತ್ರವನ್ನೂ ಚಾಪೆಲ್ಲಿಗೆ ಹಾಕುತ್ತಿದ್ದ ಹ್ಯಾಟುಗಳನ್ನೂ ಕಸದ ಗಾಡಿಗೆ ಹಾಕಿದರು. ನಾನು ನನ್ನ ಬಾಗಿಲಲ್ಲಿ ನಿಂತು ನೋಡಿದೆ. ಬಾಯಿ ಬಿಡಲಿಲ್ಲ. ಅದು ನನ್ನ ಪಾಪದ ಲೆಕ್ಕ. ದೇವರ ಹತ್ತಿರ ಮಾತಾಡಿಕೊಳ್ಳುತ್ತೇನೆ.

ಈ ನವೆಂಬರಿನಲ್ಲಿ ಪಿನ್ನಕ್ ಅವರ ಮೇಲಿನ ಮನೆಯಲ್ಲಿ ನೀರಿನ ಪೈಪು ಒಡೆಯಿತು. ಅದು ಖಾಲಿ ಮನೆ. ಬಾಗಿಲಿಗೆ ಕೌನ್ಸಿಲು ಕಬ್ಬಿಣದ ತಗಡು ಬಡಿದಿದೆ. ನೀರು ನಿಲ್ಲಿಸುವ ವಾಲ್ವು ನೆಲಮಾಳಿಗೆಯಲ್ಲಿದೆ. ನೆಲಮಾಳಿಗೆಗೆ ಬೀಗವಿದೆ. ಬೀಗದ ಕೈ ಕೌನ್ಸಿಲ್ ಕಚೇರಿಯಲ್ಲಿದೆ. ಪಿನ್ನಕ್ ಹತ್ತೊಂಬತ್ತು ದಿನ ಫೋನು ಮಾಡಿದರು.

"ರಿಪೇರಿ ಬೇಡ ಕಣಮ್ಮ. ಬೀಗದ ಕೈ ಕೊಡಿ, ನಾನೇ ತಿರುಗಿಸ್ತೀನಿ."

"ಬಾಡಿಗೆದಾರರಿಗೆ ಕೊಡೋ ಹಾಗಿಲ್ಲ ಸಾರ್."

ಹತ್ತೊಂಬತ್ತನೆಯ ದಿನ ಬೆಳಗ್ಗೆ ಅವರು ಅಂದರು: "ಈ ನೀರು ನನಗೆ ಹುಚ್ಚು ಹಿಡಿಸುತ್ತೆ. ಚಾವಣಿ ನನ್ನ ತಲೆ ಮೇಲೆ ಬೀಳುತ್ತೆ."

ಫೋನೆತ್ತಿದ ಕಚೇರಿಯ ಹುಡುಗಿಯ ಕಂಪ್ಯೂಟರಿನಲ್ಲಿ ನೀರಿಗೆ ಒತ್ತುವ ಚೌಕವಿರಲಿಲ್ಲ. ಹುಚ್ಚಿಗೆ ಇತ್ತು. ಒತ್ತಿದಳು. ಪಕ್ಕದಲ್ಲಿ ಬರೆದಳು: ಚಾವಣಿ ತನ್ನ ಮೇಲೆ ಬೀಳುತ್ತದೆಂದು ನಂಬಿದ್ದಾನೆ.

ಹತ್ತೊಂಬತ್ತು ದಿನ ಬಾರದವರು ನಲವತ್ತು ನಿಮಿಷಕ್ಕೆ ಬಂದರು. ಅವರು ಬರುವ ಗಾಡಿಯನ್ನು ನಾವು ಜೋಡಿ ಗಾಡಿ ಎನ್ನುತ್ತೇವೆ. ಅದರಲ್ಲಿ ಒಬ್ಬ ಪೊಲೀಸು, ಒಬ್ಬಳು ಮನೋರೋಗದ ನರ್ಸು. ಹಿಡಿಯುವ ಕೈ ಒಂದು, ತಲೆ ಸವರುವ ಕೈ ಇನ್ನೊಂದು. ಪೊಲೀಸಿನವನು ಕಾನ್‌ಸ್ಟೇಬಲ್ ಟ್ಯಾಟರ್ಸಾಲ್, ಕೆಂಪು ಕತ್ತಿನ ಹುಡುಗ. ನರ್ಸು ರುಖ್ಸಾನಾ ಮಿರ್ಜಾ. ಅವಳ ತಾಯಿ ನನ್ನ ಪಕ್ಕದ ಯಂತ್ರದಲ್ಲಿ ಹನ್ನೆರಡು ವರ್ಷ ದುಪ್ಪಟಿ ಹಿಂಡಿದವಳು.

ಅವರಿಬ್ಬರು ಬರುವುದನ್ನು ಪಿನ್ನಕ್ ಕಿಟಕಿಯಿಂದ ಕಂಡಿದ್ದರು. ಬಾಗಿಲು ತೆರೆದರು. ಹೊಸ್ತಿಲಿನ ಒಳಗೆ, ಸರಿಯಾಗಿ ಒಂದು ಗೇಣು ಹಿಂದೆ, ಕುರ್ಚಿ ಹಾಕಿಕೊಂಡು ಕೂತರು. ಭಾನುವಾರದ ಕಪ್ಪು ಸೂಟು ಹಾಕಿದ್ದರು. ಅದೊಂದೇ ಒಣಗಿದ್ದ ಬಟ್ಟೆ. ಕೈಯಲ್ಲಿ ಬಿಚ್ಚಿದ ಕೊಡೆ.

"ಹಲೋ ಎಗ್ಬರ್ಟ್! ನಾನು ಕ್ರೇಗ್. ಹೇಗಿದ್ದೀಯಾ ಗೆಳೆಯಾ?" ಎಂದ ಟ್ಯಾಟರ್ಸಾಲ್.

"ನೆನೆದಿದ್ದೀನಿ. ಮತ್ತೆ, ನಾನು ಮಿಸ್ಟರ್ ಪಿನ್ನಕ್. ನಿನ್ನ ಅಪ್ಪನಿಗಿಂತ ದೊಡ್ಡವನು."

"ಆಯ್ತು ಆಯ್ತು. ಸ್ವಲ್ಪ ಹೊರಗೆ ಬಾ, ಆರಾಮಾಗಿ ಮಾತಾಡೋಣ."

"ಮಾತು ಇಲ್ಲಿಂದಲೂ ಕೇಳುತ್ತೆ."

"ಒಳಗೆ ಮಳೆ ಬರ್ತಿದೆಯಲ್ಲ ಮಾರಾಯಾ!"

"ಅದನ್ನೇ ಹತ್ತೊಂಬತ್ತು ದಿನದಿಂದ ಹೇಳ್ತಿರೋದು."

ರುಖ್ಸಾನಾ ಮಂಡಿಯೂರಿ ಕೂತಳು. ಅವಳ ಕೈಯಲ್ಲಿ ಹಲಗೆಯಂಥ ಕಂಪ್ಯೂಟರಿತ್ತು. ಮೆಲ್ಲಗೆ ಕೇಳಿದಳು, "ಅಂಕಲ್, ಬೇರೆಯವರಿಗೆ ಕಾಣದ್ದು ಏನಾದ್ರೂ ನಿಮಗೆ ಕಾಣುತ್ತಾ?"

"ಕೌನ್ಸಿಲಿನವರಿಗೆ ಕಾಣದ ನೀರು ಕಾಣುತ್ತೆ."

"ಮುಂದೆ ಏನಾಗುತ್ತೆ ಅಂತ ಮೊದಲೇ ಗೊತ್ತಾಗುತ್ತಾ?"

ಪಿನ್ನಕ್ ಕೊಡೆ ಸರಿಸಿ ಮೇಲೆ ನೋಡಿದರು. "ಗೊತ್ತಾಗುತ್ತೆ. ಇನ್ನು ಹತ್ತು ನಿಮಿಷ."

ಅವಳು ಬರೆಯಬೇಕಾಯಿತು. ಬರೆದಳು. ಈ ಭಯ ಸುಳ್ಳೆಂದು ತೋರಿಸುವುದೇ ಒಳ್ಳೆಯ ದಾರಿ ಎಂದು ಟ್ಯಾಟರ್ಸಾಲ್‌ಗೆ ಎನಿಸಿತು. ಒಪ್ಪಿಗೆ ಕೇಳಿ ಒಳಗೆ ಹೋದ. ಕೋಣೆಯ ನಡುವೆ ನಿಂತು, ಸೊಂಟದ ಮೇಲೆ ಕೈಯಿಟ್ಟು, ಚಾಪೆಲ್ಲಿನ ಪಾದ್ರಿಯಂತೆ ಮಾತಾಡಿದ. "ನೋಡು ಎಗ್ಬರ್ಟ್. ನಾನು ಇದರ ಕೆಳಗೇ ನಿಂತಿದ್ದೀನಿ. ಏನಾಯ್ತು? ಏನೂ ಇಲ್ಲ. ಈ ಭಯ ಚಾವಣಿಯಲ್ಲಿಲ್ಲ ಗೆಳೆಯಾ, ಇಲ್ಲಿ, ತಲೆಯಲ್ಲಿ..."

ಚಾವಣಿ ಬಿತ್ತು.

ದೇವರು ದೊಡ್ಡವನು, ಜೀವ ಹೋಗಲಿಲ್ಲ. ಗಾರೆ, ನೀರು, ಸತ್ತ ಪಾರಿವಾಳದ ಗೂಡು, ಎಲ್ಲ ಅವನ ಮೇಲೆ ಬಿದ್ದವು. ಹೊರಬಂದಾಗ ಅವನು ಹಿಟ್ಟಿನ ಮೂಟೆಯಿಂದ ಎದ್ದವನಂತಿದ್ದ. ಪಿನ್ನಕ್ ಕೂತಲ್ಲಿಂದ ಕದಲಿರಲಿಲ್ಲ. ಕೊಡೆ ಹರಿದಿತ್ತು.

"ಈಗ ಅದನ್ನ ಅಳಿಸ್ತೀಯಾ ತಾಯಿ?" ಎಂದು ರುಖ್ಸಾನಾಳನ್ನು ಕೇಳಿದರು.

ಅವಳು ಒತ್ತಿದಳು. ಮತ್ತೆ ಒತ್ತಿದಳು. "ಅಳಿಸೋಕೆ ಬರಲ್ಲ ಅಂಕಲ್. ಒಮ್ಮೆ ಕೇಸು ತೆರೆದ ಮೇಲೆ, ಮುಚ್ಚೋಕೆ ಮೂರರಲ್ಲಿ ಒಂದು ಬರೀಬೇಕು. ಒಪ್ಪಿ ಬಂದರು. ಹಿಡಿದು ತಂದೆವು. ಇಲ್ಲಾ, ಸತ್ತರು."

"ಚಾವಣಿ ಬಿತ್ತು ಅನ್ನೋದು?"

"ಇಲ್ಲ."

ಟ್ಯಾಟರ್ಸಾಲ್ ಬಾಯಿಂದ ಗಾರೆ ಉಗುಳಿದ. "ಈ ಮನೆ ಈಗ ಅಪಾಯ. ಯಾರೂ ಇರೋ ಹಾಗಿಲ್ಲ. ಹೊರಗೆ ಬಾ."

"ಬಂದ್ರೆ ಹಿಡೀತೀಯ."

"ಹಿಡೀಲೇಬೇಕಲ್ಲ! ಹೊರಗೆ ಬಂದ್ರೆ ನೀನು ಮನೆ ಇಲ್ಲದೋನು, ಮೈಯೆಲ್ಲ ಒದ್ದೆ, ಮೇಲೆ ತಲೆ ಕೆಟ್ಟಿದೆ ಅಂತ ಬರೆದಿದೆ. ಬಿಟ್ಟು ಹೋದ್ರೆ ನನ್ನ ಕೆಲಸ ಹೋಗುತ್ತೆ."

"ಎಲ್ಲಿಗೆ ಒಯ್ತೀಯ?"

ಟ್ಯಾಟರ್ಸಾಲ್ ರುಖ್ಸಾನಾಳ ಮುಖ ನೋಡಿದ. ಅವಳು ನೆಲ ನೋಡಿದಳು. "ಹಾಸಿಗೆ ಖಾಲಿ ಇರೋದು ದಕ್ಷಿಣದಲ್ಲಿ, ಅಂಕಲ್. ನೂರೈವತ್ತು ಮೈಲಿ. ನಮ್ಮೂರಿನ ವಾರ್ಡು ಮುಚ್ಚಿಬಿಟ್ರಲ್ಲ."

"ಗೊತ್ತು. ಅದರ ಮಂಚಗಳನ್ನ ಲಾರಿಗೆ ಹೊತ್ತಿದ್ದು ನಾನೇ."

ಈ ಸಲವೂ ನಾನು ನನ್ನ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಆಗ ನನ್ನ ಬಾಯಿ ತೆರೆಯಿತು. ನಾನು ತೆರೆಯಲಿಲ್ಲ, ಅದೇ ತೆರೆಯಿತು. "ನನ್ನ ಮನೆಗೆ ಬನ್ನಿ ಪಿನ್ನಕ್. ಅದೂ ಮನೆಯೇ. ಅಲ್ಲೂ ಮುಟ್ಟೋ ಹಾಗಿಲ್ಲ."

"ಬರಲಿ," ಎಂದ ಟ್ಯಾಟರ್ಸಾಲ್. "ಆದ್ರೆ ಬಾಗಿಲುಗಳ ನಡುವಿನ ಈ ಓಣಿ ಎಲ್ಲ ಬಾಡಿಗೆದಾರರದ್ದು. ಹಂಚಿಕೊಂಡ ಜಾಗ. ಕಾನೂನಿನಲ್ಲಿ ಇದು ಹೊರಗೆ."

ಅವರ ಬಾಗಿಲಿಂದ ನನ್ನ ಬಾಗಿಲಿಗೆ ನಾಲ್ಕು ಅಡಿ. ಮೂವತ್ತು ವರ್ಷ ಆ ನಾಲ್ಕು ಅಡಿಯಲ್ಲಿ ಸಕ್ಕರೆ, ಹಾಲು, ಜ್ವರದ ಮಾತ್ರೆ ಓಡಾಡಿದ್ದವು. ಈಗ ಅದು ಸಮುದ್ರವಾಯಿತು. ಈಚೆ ದಡದಲ್ಲಿ ನಾನು, ಆಚೆ ದಡದಲ್ಲಿ ಅವರು, ನಡುವೆ ಗಾರೆ ಮೆತ್ತಿ ಬಿಳಿಯಾದ ಪೊಲೀಸು.

ಗದ್ದಲ ಕೇಳಿ ಮೂಲೆಮನೆಯ ವಿಲ್ಫ್ ಕ್ಲೆಗ್ ಬಂದ. ಜೀವಮಾನವೆಲ್ಲ ಪರರ ಕಿಟಕಿಗಾಜು ಒರೆಸಿದವನು. ವಿಷಯ ಕೇಳಿಕೊಂಡ. ಒಳಗೆ ಹೋಗಿ ಏಣಿ ತಂದ.

"ಏನ್ ಮಾಡ್ತಿದ್ದೀಯಾ ತಾತ?" ಎಂದ ಟ್ಯಾಟರ್ಸಾಲ್.

"ಸೇತುವೆ ಕಟ್ತಿದ್ದೀನಿ. ನೀನು ಹೇಳೋ 'ಹೊರಗೆ' ಇರೋದು ನೆಲದ ಮೇಲೆ. ಇವನು ನೆಲ ಮುಟ್ಟಲ್ಲ."

ಪಿನ್ನಕ್ ಅವರ ಬಾಗಿಲ ಒಳಗೆ ಒಂದು ಕುರ್ಚಿ, ನನ್ನ ಬಾಗಿಲ ಒಳಗೆ ಒಂದು ಕುರ್ಚಿ. ಮೇಲೆ ಏಣಿ ಮಲಗಿತು. ಟ್ಯಾಟರ್ಸಾಲ್ ಏಣಿಯನ್ನು ನೋಡಿದ. ಓಣಿಯನ್ನು ನೋಡಿದ. ಠಾಣೆಗೆ ಫೋನು ಮಾಡಿದ. ಇಡೀ ಕಟ್ಟಡ ಕಿವಿಗೊಟ್ಟಿತು.

"ಸಾರ್ಜೆಂಟ್, ಏಣಿ ಮನೆಯೋ, ಹೊರಗೋ... ಏಣಿ ಸಾರ್. ಹತ್ತೋದು. ಇಲ್ಲ, ಹತ್ತಿಲ್ಲ, ಮಲಗಿಸಿದ್ದಾರೆ... ತುದಿ ಎರಡೂ ಮನೆಯೊಳಗಿದೆ. ನಡು ಹೊರಗಿದೆ... ಇಲ್ಲ ಸಾರ್, ಕುಡಿದಿಲ್ಲ. ಚಾವಣಿ ಬಿದ್ದಿದೆ... ಅದು ಅವನ ನಂಬಿಕೆ ಅಲ್ಲ ಸಾರ್, ನನ್ನ ಮೇಲೇ ಬಿತ್ತು... ನನ್ನ ನಂಬಿಕೆಯೂ ಅಲ್ಲ!"

ಪಿನ್ನಕ್ ಅಷ್ಟರಲ್ಲಿ ಏಣಿಯ ಮೇಲೆ ಬಂದಿದ್ದರು. ಅರವತ್ತಾರು ವರ್ಷದ ಮನುಷ್ಯ. ಸವೆದ ಮೊಣಕಾಲು. ಭಾನುವಾರದ ಸೂಟು. ಕೈಯೂರಿ, ಮಂಡಿಯೂರಿ, ಒಂದೊಂದೇ ಮೆಟ್ಟಿಲು ಹಿಡಿದು ಬಂದರು. ಅಲ್ಯೂಮಿನಿಯಂ ಕಿರುಗುಟ್ಟಿತು. ವಿಲ್ಫ್ ಆಚೆ ತುದಿ ಹಿಡಿದಿದ್ದ, ನಾನು ಈಚೆ ತುದಿ. ಅವರ ಉಸಿರು ನನ್ನ ಮುಖಕ್ಕೆ ತಾಗುತ್ತಿತ್ತು. ಮೂಗಿನ ತುದಿಯಿಂದ ಬೆವರು ಬಿತ್ತು. ಓಣಿಯ ಆ ಕೊನೆಯಲ್ಲಿ ಯಾರೋ ನಕ್ಕರು. ಇನ್ನಾರೋ ಫೋನಿನಲ್ಲಿ ಚಿತ್ರ ತೆಗೆದರು.

ಸರಿಯಾಗಿ ನಡುವೆ ಅವರು ನಿಂತರು.

"ಬನ್ನಿ, ಇನ್ನೆರಡೇ ಅಡಿ," ಎಂದೆ.

"ಇಲ್ಲ ಆಗ್ನೆಸಕ್ಕ."

"ಕೈ ಕೊಡಿ."

"ಇಲ್ಲ. ನಾನು ಯಾರ ಮನೇಲಿ ಕದ್ದಿದ್ದೀನಿ ಅಂತ ಹೀಗೆ ತೆವಳಬೇಕು? ಮೂವತ್ತೈದು ವರ್ಷ ಇವರ ಹೆಣ ಹೊತ್ತೆ. ಒಂದು ಹೆಣವನ್ನೂ ಹೀಗೆ ಒಯ್ಯಲಿಲ್ಲ."

ಅವರು ಏಣಿಯ ಮೇಲೆ ತಿರುಗಿ ಕೂತರು. ಮೊದಲು ಬಲಗಾಲು ಕೆಳಗಿಟ್ಟರು. ಆಮೇಲೆ ಎಡಗಾಲು. ಓಣಿಯಲ್ಲಿ, ಹೊರಗೆ, ಕಾನೂನಿನ ನಟ್ಟನಡುವೆ ಎದ್ದು ನಿಂತರು. ಸೂಟಿನ ಗುಂಡಿ ಹಾಕಿಕೊಂಡರು.

"ನಾನು ಬೀಗದ ಕೈ ತರೋಕೆ ಹೋಗ್ತಿದ್ದೀನಿ," ಎಂದರು.

ಟ್ಯಾಟರ್ಸಾಲ್ ಫೋನು ಮುಚ್ಚಿದ. ಕೈ ಸೊಂಟದ ಬೇಡಿಗೆ ಹೋಯಿತು. ಆದರೆ ಹಿಡಿಯುವ ಮುಂಚೆ ನರ್ಸನ್ನು ಕೇಳಬೇಕೆಂಬುದೂ ಅದೇ ಕಾನೂನಿನಲ್ಲಿದೆ. "ನೀನೇನಂತೀಯ?" ಎಂದು ಕೇಳಿದ.

ರುಖ್ಸಾನಾ ಎದ್ದು ನಿಂತಳು. ಅವಳ ಮಂಡಿಯ ತುಂಬ ಗಾರೆ. "ನನಗೆ ಕಾಣ್ತಿರೋದು ಒದ್ದೆಯಾದ ಮನುಷ್ಯ. ಒದ್ದೆಗೆ ನನ್ನ ಹತ್ರ ಔಷಧಿ ಇಲ್ಲ."

"ಮತ್ತೆ ಈ ಕೇಸನ್ನ ಹೇಗೆ ಮುಚ್ಚೋದು? ಏನಂತ ಬರೀಲಿ?"

"ವಾಲ್ವು ತಿರುಗಿಸೋಕೆ ಹೋದರು ಅಂತ ಬರಿ."

"ಅದು ಪಟ್ಟಿಯಲ್ಲಿಲ್ಲ!"

"ಹಾಗಾದ್ರೆ ಮುಚ್ಚಬೇಡ. ನೋಡ್ತಾ ಇರು."

ಹೀಗೆ ಮುಚ್ಚಲಾಗದ ಒಂದು ಕೇಸಿನ ಕಾರಣದಿಂದ ನಮ್ಮ ಮೆರವಣಿಗೆ ಹೊರಟಿತು. ಮುಂದೆ ಕಪ್ಪು ಸೂಟಿನ ಪಿನ್ನಕ್, ಕಾಲಲ್ಲಿ ಪಚಪಚ ಎನ್ನುವ ಬೂಟು. ಪಕ್ಕದಲ್ಲಿ ನಾನು, ಅಡಿಗೆಯ ಏಪ್ರನ್ನಿನಲ್ಲೇ. ವಿಲ್ಫ್ ಏಣಿ ಬಿಡಲಿಲ್ಲ, ಬಿಟ್ಟರೆ ಯಾರಾದರೂ ಕದಿಯುತ್ತಾರೆ ಎಂದು ಹೊತ್ತುಕೊಂಡೇ ಬಂದ. ಹಿಂದೆ ಜೋಡಿ ಗಾಡಿ, ನಡಿಗೆಯ ವೇಗದಲ್ಲಿ, ನೀಲಿ ದೀಪ ಹಚ್ಚಿಕೊಂಡು. ಸಂಕಟದಲ್ಲಿರುವ ಮನುಷ್ಯನನ್ನು ಕಣ್ಣಿಂದ ಮರೆಯಾಗಲು ಬಿಡಬಾರದೆಂಬುದು ಅವರ ನಿಯಮ. ಮಾರ್ಕೆಟ್ಟಿನಲ್ಲಿ ಜನ ಟೋಪಿ ತೆಗೆದರು. ಯಾರದೋ ಶವಯಾತ್ರೆ ಎಂದುಕೊಂಡರು.

ಕೌನ್ಸಿಲ್ ಕಚೇರಿಯ ಕೌಂಟರಿನ ಪಕ್ಕ ಒಂದು ಅರೆಬಾಗಿಲು. ಅದರಾಚೆ ಗೋಡೆಯ ಮೇಲೆ ಹಲಗೆ. ಹಲಗೆಯ ತುಂಬ ಕೊಕ್ಕೆ, ಕೊಕ್ಕೆಗೊಂದು ಬೀಗದ ಕೈ, ಕೈಗೊಂದು ಚೀಟಿ. ನಮ್ಮ ಕಟ್ಟಡದ ಹೆಸರು ನಾನೇ ಓದಿದೆ. ಕೈ ಚಾಚಿದರೆ ಸಿಗುವಷ್ಟು ದೂರ. ಹತ್ತೊಂಬತ್ತು ದಿನ ಅದು ಅಲ್ಲೇ ತೂಗುತ್ತಿತ್ತು.

ಕೌಂಟರಿನ ಹೆಂಗಸು ನಮ್ಮನ್ನೂ ಏಣಿಯನ್ನೂ ಬಿಳಿಯ ಪೊಲೀಸನ್ನೂ ನೋಡಿದಳು. "ಟೋಕನ್ ತಗೊಂಡ್ರಾ?" ಎಂದಳು.

"ತಾಯಿ, ಆ ಬೀಗದ ಕೈ ಕೊಡು," ಎಂದರು ಪಿನ್ನಕ್. "ತಿರುಗಿಸಿ ವಾಪಸ್ ತಂದುಕೊಡ್ತೀನಿ."

ಅವಳು ಹೆಸರು ಕೇಳಿ ಕಂಪ್ಯೂಟರಿನಲ್ಲಿ ನೋಡಿದಳು. ದನಿ ಇಳಿಸಿದಳು. ಮಗುವಿಗೆ ಹೇಳುವಂತೆ ಹೇಳಿದಳು: "ನಿಮ್ಮ ಮೇಲೆ ಗುರುತು ಇದೆ ಸಾರ್, ಮನಸ್ಸಿನ ತೊಂದರೆ ಅಂತ. ಅಂಥವರಿಗೆ ವಾಲ್ವು ಮುಟ್ಟೋಕೆ ಬಿಡೋ ಹಾಗಿಲ್ಲ. ಸರಿಯಿದ್ದೀರಿ ಅಂತ ಸರ್ಟಿಫಿಕೇಟ್ ತನ್ನಿ."

ಎಲ್ಲರೂ ರುಖ್ಸಾನಾಳ ಕಡೆ ತಿರುಗಿದೆವು. ಅವಳು ತನ್ನ ಕಂಪ್ಯೂಟರಿನ ಪುಟಗಳನ್ನು ಬೆರಳಿನಿಂದ ಮೇಲೆ ತಳ್ಳಿದಳು, ಕೆಳಗೆ ತಳ್ಳಿದಳು. ಬಹಳ ಹೊತ್ತು ಹುಡುಕಿದಳು.

"ತಲೆ ಕೆಟ್ಟಿದೆ ಅನ್ನೋಕೆ ಇಪ್ಪತ್ತೆರಡು ಪುಟ ಇದೆ," ಎಂದಳು ಕೊನೆಗೆ. "ಕೆಟ್ಟಿಲ್ಲ ಅನ್ನೋಕೆ ಒಂದು ಪುಟವೂ ಇಲ್ಲ."

"ಬಾಯಲ್ಲಿ ಹೇಳು," ಎಂದೆ ನಾನು.

"ಹೇಳ್ತೀನಿ ಆಂಟಿ. ಇವರು ಸರಿಯಿದ್ದಾರೆ."

"ಬಾಯಿಮಾತು ನಡೆಯಲ್ಲ," ಎಂದಳು ಕೌಂಟರಿನವಳು. "ಮುಂದಿನ ಟೋಕನ್!"

ಪಿನ್ನಕ್ ಕೌಂಟರಿನ ಮೇಲೆ ಎರಡೂ ಕೈ ಊರಿ ತಲೆ ತಗ್ಗಿಸಿದರು. ಪ್ರಾರ್ಥಿಸುತ್ತಿದ್ದಾರೆ ಎಂದುಕೊಂಡೆ. ಪ್ರಾರ್ಥಿಸುತ್ತಿದ್ದಿರಲೂಬಹುದು. ಆಮೇಲೆ ತಲೆಯೆತ್ತಿದರು. "ಬೇಡ," ಎಂದರು. "ನಿಮ್ಮ ಕಾಗದ ಬೇಡ. ಇನ್ನು ನಾನು ಕೇಳಲ್ಲ." ಅರೆಬಾಗಿಲು ತಳ್ಳಿದರು. ಎರಡು ಹೆಜ್ಜೆ ಇಟ್ಟರು. ಕೊಕ್ಕೆಯಿಂದ ಬೀಗದ ಕೈ ತೆಗೆದುಕೊಂಡರು. ಅವಸರ ಮಾಡಲಿಲ್ಲ. ಚೀಟಿ ಓದಿ, ನಮ್ಮದೇ ಹೌದೆಂದು ನೋಡಿಕೊಂಡರು.

"ಕಳ್ಳತನ!" ಎಂದು ಅವಳು ಚೀರಿದಳು. "ಎದುರಿಗೇ ಕದೀತಿದ್ದಾನೆ! ಪೊಲೀಸ್ ಇದ್ದೀಯಲ್ಲ, ಹಿಡಿಯಪ್ಪ!"

ಟ್ಯಾಟರ್ಸಾಲ್ ಕೂದಲಿಂದ ಒಂದು ಗಾರೆಯ ತುಂಡು ತೆಗೆದ. ಅದನ್ನು ಕೌಂಟರಿನ ಮೇಲೆ ಇಟ್ಟ.

"ನಾನು ಇವತ್ತು ಜೋಡಿ ಗಾಡಿಯಲ್ಲಿದ್ದೀನಿ ಮೇಡಂ. ಮನಸ್ಸಿನ ಕೇಸು ಮಾತ್ರ. ಕಳ್ಳತನಕ್ಕೆ ಬೇರೆ ನಂಬರು. ನೀವೇ ಫೋನ್ ಮಾಡಿ."

ಅವನು ಕರುಣೆಯಿಂದ ಹೇಳಿದನೋ, ನಿಯಮದಿಂದ ಹೇಳಿದನೋ ನನಗೆ ತಿಳಿಯದು. ದೇವರು ಕೆಲವೊಮ್ಮೆ ಕತ್ತೆಯ ಬಾಯಿಂದಲೂ ಮಾತಾಡಿದ್ದಾನೆಂದು ಬೈಬಲ್ಲಿನಲ್ಲಿದೆ.

ಅವಳು ಫೋನು ಮಾಡಿದಳು. ನಾವು ನಡೆದೆವು.

ನೆಲಮಾಳಿಗೆಯಲ್ಲಿ ಮಂಡಿಯವರೆಗೆ ನೀರು. ವಿಲ್ಫ್ ಬಾಗಿಲಲ್ಲಿ ಟಾರ್ಚು ಹಿಡಿದ. ಪಿನ್ನಕ್ ಸೂಟಿನ ಕೋಟು ಕಳಚಿ ನನಗೆ ಕೊಟ್ಟು ಇಳಿದರು. ವಾಲ್ವಿನ ಚಕ್ರ ತುಕ್ಕು ಹಿಡಿದಿತ್ತು. ಅವರು ಎಳೆದರು. ಕತ್ತಿನ ನರ ಹುರಿಗಟ್ಟಿತು. ಅದು ಅಲುಗಲಿಲ್ಲ. ನಾನು ಕೋಟನ್ನು ವಿಲ್ಫ್‌ನ ಹೆಗಲಿಗೆ ಹಾಕಿ ನೀರಿಗಿಳಿದೆ. ಮಡಚಲಾಗದ ನನ್ನ ಬೆರಳುಗಳನ್ನು ಅವರ ಬೆರಳುಗಳ ಮೇಲೆ ಇಟ್ಟೆ. ಎಳೆದೆವು. ಅಂಗೈ ಸಿಗಿದು ರಕ್ತ ಬಂತು, ಅವರದೋ ನನ್ನದೋ. ಚಕ್ರ ಒಮ್ಮೆ ಕಿರುಚಿತು. ಆಮೇಲೆ ತಿರುಗಿತು. ತಿರುಗಿತು, ತಿರುಗಿತು, ನಿಂತಿತು.

ಹೊರಗೆ ಒಂದು ಗಾಡಿ ಬಂದು ನಿಂತ ಸದ್ದಾಯಿತು. ಇದು ಜೋಡಿ ಗಾಡಿಯಲ್ಲ. ಬಾಗಿಲುಗಳು ನಾಲ್ಕು ಸಲ ಬಡಿದವು.

"ನೀವು ಹೋಗಿ ಆಗ್ನೆಸಕ್ಕ," ಎಂದರು ಪಿನ್ನಕ್.

ನಾನು ಮೆಟ್ಟಿಲ ಮೇಲೆ ಕೂತೆ. ಅವರು ಬೀಗದ ಕೈಯನ್ನು ಅಂಗಿಯ ಕಿಸೆಗೆ ಹಾಕಿಕೊಂಡು ನನ್ನ ಪಕ್ಕದಲ್ಲಿ ಕೂತರು. ಒಂದು ಬೆರಳೆತ್ತಿ ಮೇಲೆ ತೋರಿಸಿದರು.

"ಕೇಳಿ."

ಕೇಳಿದೆ. ಇಡೀ ಕಟ್ಟಡದಲ್ಲಿ ಒಂದು ಹನಿಯೂ ಬೀಳುತ್ತಿರಲಿಲ್ಲ. ಬೂಟುಗಳು ಮಾತ್ರ ಇಳಿದು ಬರುತ್ತಿದ್ದವು.